ತೋಟದ ಗೇಟಿಗೆ ಬಂದು ನಿಂತ ಕಾರು

ಕಳೆದ ಡಿಸೆಂಬರ್. ಕಾಫಿ ಕೊಯ್ಲು ಶುರುವಾಗಿತ್ತು. ದೊಡ್ಡಪ್ಪನ ತೋಟದ ಗೇಟಿನ ಮುಂದೆ ಒಂದು ಬಿಳಿ ಕಾರು ಬಂದು ನಿಂತಿತು. ಒಳಗೆ ಬೆಂಗಳೂರಿನ ಒಂದು ಸಂಸಾರ. ಹಿಂದಿನ ಸೀಟಿನಲ್ಲಿ ಮಗು ವಾಂತಿ ಮಾಡಿಕೊಂಡು ಸುಸ್ತಾಗಿ ಮಲಗಿತ್ತು. ಅವರು ಹೊರಟಿದ್ದು ವಿರಾಜಪೇಟೆ ಕಡೆಯ ಒಂದು ಹೋಂಸ್ಟೇಗೆ. ‘ಮ್ಯಾಪ್ ಇದೇ ದಾರಿ ತೋರಿಸ್ತಿದೆ ಸಾರ್, ಇನ್ನು ಹನ್ನೊಂದೇ ನಿಮಿಷ’ ಅಂದರು ಗಾಡಿ ಓಡಿಸುತ್ತಿದ್ದವರು. ಅವರ ಫೋನು ದಾರಿ ಅಂದುಕೊಂಡಿದ್ದು ನಮ್ಮ ಕಾಫಿ ಕಣದ ಪಕ್ಕ ಹಾದು, ತೋಟದ ಕೆಲಸದವರ ಲೈನ್ ಮನೆಗಳ ಹಿಂದೆ ಇಳಿದು, ಗದ್ದೆ ಬದಿಗೆ ಹೋಗಿ ಮುಗಿಯುವ ಜೀಪ್ ದಾರಿಯನ್ನು. ಮಳೆಗಾಲದಲ್ಲಿ ಅದು ತೋಡು. ಬೇಸಿಗೆಯಲ್ಲೂ ಅಲ್ಲಿ ಇಳಿಯುವಾಗ ಜೀಪಿನಲ್ಲಿ ಕೂತವರು ಮಾತು ನಿಲ್ಲಿಸುತ್ತಾರೆ.

ಆ ತಿಂಗಳಲ್ಲಿ ಅದು ಐದನೇ ಕಾರು.

ದೊಡ್ಡಪ್ಪ ಅವರಿಗೆಲ್ಲ ಕಾಫಿ ಕೊಟ್ಟು, ಮಗುವಿಗೆ ನಿಂಬೆ ಶರಬತ್ತು ಮಾಡಿಸಿ, ಗಾಡಿ ತಿರುಗಿಸಿ ಕಳಿಸಿದರು. ಆಮೇಲೆ ನನ್ನ ಕಡೆ ತಿರುಗಿದರು. ‘ನೀನು ಓದಿದ್ದು ಕಂಪ್ಯೂಟರ್ ಸೈನ್ಸ್ ಅಲ್ವಾ? ಇದನ್ನ ಸರಿ ಮಾಡು.’

ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಇಂಥ ಅಪ್ಪಣೆ ಹೊಸದಲ್ಲ. ನೆಂಟರ ಮನೆಗೆ ಹೋದರೆ ಪ್ರಿಂಟರ್ ನೋಡು, ಫೋನಿನ ಫೋಟೊ ಎಲ್ಲಿ ಹೋಯ್ತು ಹುಡುಕು, ವೈಫೈ ಯಾಕೋ ಬರ್ತಿಲ್ಲ. ಇದು ಕಂಪ್ಯೂಟರ್ ಸೈನ್ಸ್ ಅಲ್ಲ ಅಂದರೆ, ‘ಮತ್ತೆ ನಾಲ್ಕು ವರ್ಷ ಏನು ಓದಿದೆ?’ ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೆ ಈ ಸಲ ದೊಡ್ಡಪ್ಪ ಕೇಳಿದ್ದು ಸರಿಯಾಗಿಯೇ ಇತ್ತು. ಕಾರು ತಪ್ಪಿ ಗೇಟಿಗೆ ಬಂದಿದ್ದು ನಿಜವಾಗಿಯೂ ಕಂಪ್ಯೂಟರ್ ಸೈನ್ಸ್‌ನ ವಿಷಯ. ಆ ಶಾಸ್ತ್ರ ಏನು ಮಾಡುತ್ತದೆ, ಎಲ್ಲಿ ಎಡವುತ್ತದೆ, ನಮ್ಮಂಥವರ ಅಂಗಳಕ್ಕೆ ಹೇಗೆ ಬಂದು ಕೂರುತ್ತದೆ ಅನ್ನುವುದೆಲ್ಲ ಆ ಒಂದು ಕಾರಿನಲ್ಲೇ ಇತ್ತು.

ದಾರಿ ಹುಡುಕುವ ಉಪಾಯದಿಂದಲೇ ಶುರು ಮಾಡೋಣ. ಅದನ್ನು ಕಂಡುಹಿಡಿದವರು ನೆದರ್ಲೆಂಡ್ಸಿನ ಎಡ್ಸ್‌ಗರ್ ಡೈಕ್‌ಸ್ಟ್ರಾ. 1956ರಲ್ಲಿ ಒಂದು ದಿನ, ಮದುವೆಯಾಗಲಿದ್ದ ಹುಡುಗಿಯ ಜೊತೆ ಆಮ್‌ಸ್ಟರ್‌ಡ್ಯಾಮಿನ ಅಂಗಡಿ ಬೀದಿ ಸುತ್ತಿ ಸುಸ್ತಾಗಿ, ಕೆಫೆಯೊಂದರಲ್ಲಿ ಕಾಫಿ ಕುಡಿಯುತ್ತ ಕೂತಿದ್ದರು. ಸುಮಾರು ಇಪ್ಪತ್ತು ನಿಮಿಷದಲ್ಲಿ, ಪೆನ್ಸಿಲು ಕಾಗದ ಇಲ್ಲದೆ, ತಲೆಯೊಳಗೇ ಹೊಳೆಯಿತಂತೆ. 1959ರಲ್ಲಿ ಅಚ್ಚಾಯಿತು. ಇವತ್ತಿನ ಮ್ಯಾಪ್‌ಗಳು ಅದರ ಮೇಲೆ ವೇಗ ಹೆಚ್ಚಿಸುವ ನೂರೆಂಟು ಕಸರತ್ತು ಸೇರಿಸಿವೆ, ಆದರೆ ಬೇರು ಅಲ್ಲೇ ಇದೆ. ಕಾಫಿ ಕುಡಿಯುತ್ತ ಹುಟ್ಟಿದ ಉಪಾಯ ಕಾಫಿ ತೋಟದ ಗೇಟಿಗೇ ಬಂದು ತಗುಲಿಕೊಂಡಿತು ನೋಡಿ.

ಉಪಾಯ ಏನು? ಮಡಿಕೇರಿಯಿಂದ ವಿರಾಜಪೇಟೆಗೆ ಹೋಗಬೇಕು ಅನ್ನಿ. ನಮ್ಮ ಜಿಲ್ಲೆಯಲ್ಲಿ ರೈಲಿಲ್ಲ, ಎಲ್ಲ ರಸ್ತೆಯ ಮೇಲೇ. ಲೆಕ್ಕಕ್ಕೆ ಅಂತ ನಿಮಿಷಗಳನ್ನು ನಾನೇ ಹಾಕುತ್ತೇನೆ. ಮಡಿಕೇರಿಯಿಂದ ಮೂರ್ನಾಡಿಗೆ 25 ನಿಮಿಷ, ಸಿದ್ದಾಪುರಕ್ಕೆ 60. ಮೂರ್ನಾಡಿನಿಂದ ನಾಪೋಕ್ಲಿಗೆ 20, ವಿರಾಜಪೇಟೆಗೆ 30. ನಾಪೋಕ್ಲಿನಿಂದ ವಿರಾಜಪೇಟೆಗೆ 40. ಸಿದ್ದಾಪುರದಿಂದ ವಿರಾಜಪೇಟೆಗೆ 30.

ಹೊರಟ ಊರಿನ ಮುಂದೆ ಸೊನ್ನೆ ಬರೆಯಿರಿ. ಅಲ್ಲಿಂದ ನೇರ ಮುಟ್ಟಬಹುದಾದ ಊರುಗಳ ಮುಂದೆ ನಿಮಿಷ ಬರೆಯಿರಿ: ಮೂರ್ನಾಡು 25, ಸಿದ್ದಾಪುರ 60. ಇವುಗಳಲ್ಲಿ ಅತಿ ಚಿಕ್ಕದು ಮೂರ್ನಾಡು. ಅದನ್ನು ಖಾಯಂ ಮಾಡಿ. ಯಾಕೆ ಧೈರ್ಯವಾಗಿ ಖಾಯಂ ಮಾಡಬಹುದು ಅಂದರೆ, ಬೇರೆ ಯಾವ ಸುತ್ತಿನಲ್ಲಿ ಮೂರ್ನಾಡಿಗೆ ಬರಬೇಕೆಂದರೂ ಮೊದಲು ಅದಕ್ಕಿಂತ ದೂರದ ಊರನ್ನೇ ಮುಟ್ಟಬೇಕು. ಹಾಗೆ ಬಂದರೆ 25ಕ್ಕಿಂತ ಕಡಿಮೆ ಆಗಲು ಸಾಧ್ಯವೇ ಇಲ್ಲ. ಈಗ ಮೂರ್ನಾಡಿನ ಮೇಲೆ ನಿಂತು ಮುಂದೆ ನೋಡಿ: ನಾಪೋಕ್ಲು 45, ವಿರಾಜಪೇಟೆ 55. ಚಿಕ್ಕದು ನಾಪೋಕ್ಲು, ಅದನ್ನೂ ಖಾಯಂ ಮಾಡಿ. ಅಲ್ಲಿಂದ ವಿರಾಜಪೇಟೆಗೆ 45ಕ್ಕೆ 40 ಸೇರಿದರೆ 85. ಆಗಲೇ 55 ಇದೆ, ಬೇಡ, ಬಿಡಿ. ಉಳಿದಿದ್ದರಲ್ಲಿ ಚಿಕ್ಕದು ವಿರಾಜಪೇಟೆಯ 55. ಮುಗೀತು. ಸಿದ್ದಾಪುರದ 60 ಈಗಾಗಲೇ ಅದಕ್ಕಿಂತ ಹೆಚ್ಚು, ಆ ಕಡೆ ತಿರುಗಿ ನೋಡುವ ಅಗತ್ಯವೇ ಬರಲಿಲ್ಲ.

ಇಷ್ಟೇ. ಮಡಿಕೇರಿಯಲ್ಲಿ ಒಂದು ಕೊಡ ನೀರು ಚೆಲ್ಲಿದರೆ ಅದು ಹತ್ತಿರದ ಜಾಗವನ್ನು ಮೊದಲು ಮುಟ್ಟಿ, ಆಮೇಲೆ ದೂರಕ್ಕೆ ಹರಿಯುತ್ತದಲ್ಲ, ಹಾಗೆ. ಇದರ ಚೆಂದ ಏನೆಂದರೆ, ಇದು ಬರೀ ‘ಚೆನ್ನಾಗಿ ಕೆಲಸ ಮಾಡುತ್ತೆ’ ಅನ್ನುವ ಉಪಾಯ ಅಲ್ಲ. ಇದು ಕೊಡುವ ದಾರಿಗಿಂತ ಕಡಿಮೆಯ ದಾರಿ ಇಲ್ಲ ಅಂತ ಗಣಿತದಲ್ಲಿ ಸಾಧಿಸಿ ತೋರಿಸಬಹುದು.

ಹಾಗಾದರೆ ಕಾರು ಯಾಕೆ ಗೇಟಿಗೆ ಬಂತು? ಲೆಕ್ಕ ತಪ್ಪಿರಲಿಲ್ಲ. ಲೆಕ್ಕಕ್ಕೆ ಕೊಟ್ಟ ಅಂಕಿ ತಪ್ಪಿತ್ತು. ನಮ್ಮ ಜೀಪ್ ದಾರಿಯನ್ನು ಯಾರೋ, ಅಥವಾ ಯಾವುದೋ ಪ್ರೋಗ್ರಾಂ, ಸಾರ್ವಜನಿಕ ರಸ್ತೆ ಅಂತ ಗೆರೆ ಎಳೆದಿತ್ತು. ಆ ಗೆರೆಗೆ ಇಷ್ಟು ನಿಮಿಷ ಅಂತ ಒಂದು ಸಂಖ್ಯೆ ಅಂಟಿಸಿತ್ತು. ಈ ಸಂಖ್ಯೆಗೆ ಕಂಪ್ಯೂಟರ್ ಸೈನ್ಸ್‌ನಲ್ಲಿ ‘ತೂಕ’ ಅನ್ನುತ್ತಾರೆ. ಡೈಕ್‌ಸ್ಟ್ರಾ ಅವರ ಉಪಾಯ ತೂಕವನ್ನು ಪ್ರಶ್ನೆ ಮಾಡುವುದಿಲ್ಲ, ಕೊಟ್ಟದ್ದನ್ನು ನಂಬುತ್ತದೆ. ಆ ದಾರಿಯಲ್ಲಿ ಸಂಜೆ ಆರರ ಮೇಲೆ ಆನೆ ದಾಟುತ್ತದೆ ಅನ್ನುವುದು ತೋಟದ ಲೆಕ್ಕ ಬರೆಯುವ ನಮ್ಮ ರೈಟರ್‌ಗೆ ಗೊತ್ತು, ಲೈನ್ ಮನೆಯ ಮಕ್ಕಳಿಗೆ ಗೊತ್ತು. ತೂಕದಲ್ಲಿ ಅದಿಲ್ಲ. ಜುಲೈ ಮಂಜಿನಲ್ಲಿ ಕೈ ಚಾಚಿದರೆ ಕೈ ಕಾಣುವುದಿಲ್ಲ, ಅದೂ ಇಲ್ಲ. ಏನನ್ನು ಅಳೆಯಬೇಕು ಅಂತ ಯಾರು ತೀರ್ಮಾನ ಮಾಡಿದರು? ಈ ಪ್ರಶ್ನೆಯನ್ನು ಸ್ವಲ್ಪ ಹಿಡಿದಿಟ್ಟುಕೊಳ್ಳಿ. ಮತ್ತೆ ಬೇಕಾಗುತ್ತದೆ.

ಹೀಗೆ ಹೆಜ್ಜೆ ಹೆಜ್ಜೆಯಾಗಿ ಬರೆದ ವಿಧಾನಕ್ಕೆ ಅಲ್ಗಾರಿದಂ ಅನ್ನುತ್ತಾರೆ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಝ್ಮಿ ಅನ್ನುವ ಗಣಿತಜ್ಞನ ಹೆಸರೇ ಯುರೋಪಿನ ಬಾಯಲ್ಲಿ ಸವೆದು ಈ ಪದವಾಯಿತು. ಅವನು ಅರಬಿಯಲ್ಲಿ ಬರೆದದ್ದು ನಮ್ಮ ಭಾರತದ ಅಂಕಿಗಳಲ್ಲಿ ಲೆಕ್ಕ ಮಾಡುವುದು ಹೇಗೆ ಅನ್ನುವುದರ ಬಗ್ಗೆ. ಕಾಫಿ ಅರಬ್ ನಾಡಿನಿಂದ ಈ ಬೆಟ್ಟಗಳಿಗೆ ಬಂತು, ಅಂಕಿ ಈ ಕಡೆಯಿಂದ ಅಲ್ಲಿಗೆ ಹೋಯಿತು. ಲೆಕ್ಕ ಚುಕ್ತಾ.

ಅಲ್ಗಾರಿದಂ ಬರೆಯಲು ಕಂಪ್ಯೂಟರ್ ಬೇಕಿಲ್ಲ ಅನ್ನುವುದನ್ನು ಗಮನಿಸಿ. ಅಡುಗೆ ಮಾಡುವ ಕ್ರಮವೂ ಒಂದು ಬಗೆಯ ಅಲ್ಗಾರಿದಮ್ಮೇ. ಕಂಪ್ಯೂಟರ್ ಸೈನ್ಸ್ ಕೇಳುವುದು ಅದರ ಮುಂದಿನ ಪ್ರಶ್ನೆ. ನಾಲ್ಕು ಜನಕ್ಕೆ ಮಾಡುವ ಈ ವಿಧಾನ ನಾಲ್ಕು ಸಾವಿರ ಜನಕ್ಕೆ ನಡೆಯುತ್ತಾ? ಕೆಲಸ ದೊಡ್ಡದಾದ ಹಾಗೆ ಖರ್ಚು ಹೇಗೆ ಬೆಳೆಯುತ್ತದೆ?

ಇದಕ್ಕೆ ನಮ್ಮ ಜಿಲ್ಲೆಯಲ್ಲಿ ಒಂದು ಅದ್ಭುತ ಉದಾಹರಣೆ ಇದೆ. ಪಾಠ ಮಾಡುವವರು ಯಾಕೆ ಬಳಸುವುದಿಲ್ಲವೋ ಗೊತ್ತಿಲ್ಲ. ಕೊಡವ ಕುಟುಂಬಗಳ ಹಾಕಿ ಹಬ್ಬ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ಕುಟುಂಬಗಳ ತಂಡ ಬಂದಿದ್ದವು. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ 360 ತಂಡ. ಗಿನ್ನೆಸ್ ದಾಖಲೆಯೂ ಆಯಿತು.

ಇಷ್ಟು ತಂಡಗಳಲ್ಲಿ ಒಂದು ಚಾಂಪಿಯನ್ ಬೇಕು. ಎರಡು ದಾರಿ ಇದೆ. ಒಂದು, ಪ್ರತಿ ತಂಡ ಉಳಿದ ಎಲ್ಲ ತಂಡಗಳ ಜೊತೆ ಆಡುವುದು. 60 ತಂಡಕ್ಕೆ 1,770 ಪಂದ್ಯ. 360 ತಂಡಕ್ಕೆ 64,620. ದಿನಕ್ಕೆ 20 ಪಂದ್ಯ ಆಡಿಸಿದರೂ ಹತ್ತಿರ ಹತ್ತಿರ ಒಂಬತ್ತು ವರ್ಷ. ಮೊದಲ ಪಂದ್ಯಕ್ಕೆ ಬಂದ ಪಿಯುಸಿ ಹುಡುಗ ಕೊನೆಯ ಪಂದ್ಯಕ್ಕೆ ಮಗುವನ್ನು ಎತ್ತಿಕೊಂಡು ಬರುತ್ತಾನೆ.

ಇನ್ನೊಂದು ನಾಕೌಟ್. ಸೋತವರು ಮನೆಗೆ. ಎಷ್ಟು ಪಂದ್ಯ ಬೇಕು? ಡ್ರಾ ಪಟ್ಟಿ ಬಿಡಿಸಿ ಎಣಿಸುವುದು ಬೇಡ. ಒಂದು ಪಂದ್ಯ ಒಂದೇ ತಂಡವನ್ನು ಹೊರಗೆ ಕಳಿಸುತ್ತದೆ. 359 ತಂಡ ಹೊರಗೆ ಹೋಗಬೇಕು. ಆದ್ದರಿಂದ 359 ಪಂದ್ಯ. ಒಂದು ಕಡಿಮೆ ಇಲ್ಲ, ಒಂದು ಜಾಸ್ತಿ ಇಲ್ಲ. ಕಾಲೇಜಿನಲ್ಲಿ ಈ ವಾದ ಮೊದಲ ಸಲ ಕೇಳಿದಾಗ ನನಗೆ ಮೈ ಜುಂ ಅಂದಿತ್ತು, ಈಗಲೂ ಅನ್ನುತ್ತದೆ. ತಂಡ ಆರು ಪಟ್ಟಾದಾಗ ನಾಕೌಟಿನ ಪಂದ್ಯವೂ ಹೆಚ್ಚುಕಮ್ಮಿ ಆರು ಪಟ್ಟಾಗುತ್ತದೆ. ಎಲ್ಲರೂ ಎಲ್ಲರೊಡನೆ ಆಡುವ ದಾರಿಯಲ್ಲಿ ಮೂವತ್ತಾರು ಪಟ್ಟು ದಾಟುತ್ತದೆ. ಇನ್ನು ಸುತ್ತುಗಳ ಲೆಕ್ಕ ನೋಡಿ. 60 ತಂಡಕ್ಕೆ 6 ಸುತ್ತು, 360 ತಂಡಕ್ಕೆ ಬರೀ 9. ಪ್ರತಿ ಸುತ್ತಿಗೂ ಗುಂಪು ಅರ್ಧ ಆಗುತ್ತಾ ಹೋಗುತ್ತದಲ್ಲ, ಅದಕ್ಕೆ. ಅರ್ಧ ಮಾಡುವ ಉಪಾಯ ಎಲ್ಲಿ ಸಿಕ್ಕರೂ ಕಂಪ್ಯೂಟರ್ ಸೈನ್ಸ್‌ನವರು ಬಿಡುವುದಿಲ್ಲ. ಡೈಕ್‌ಸ್ಟ್ರಾ ಅವರೂ ತಮ್ಮ ದಾರಿ ಲೆಕ್ಕವನ್ನು ಜನರಿಗೆ ತೋರಿಸಲು ನೆದರ್ಲೆಂಡ್ಸಿನ 64 ಊರುಗಳನ್ನೇ ಆರಿಸಿಕೊಂಡಿದ್ದರು. ಆರು ಸಲ ‘ಹೌದು, ಇಲ್ಲ’ ಅಂದರೆ 64 ಊರಲ್ಲಿ ಯಾವುದು ಅಂತ ಗುರುತಿಸಿ ಮುಗಿಯುತ್ತದೆ.

ನಾಕೌಟಿಗೆ ಒಂದು ಬೆಲೆಯೂ ಇದೆ. ಎಲ್ಲ ಪಂದ್ಯದಲ್ಲೂ ಬಲಿಷ್ಠರೇ ಗೆಲ್ಲುತ್ತಾರೆ ಅಂತ ಇಟ್ಟುಕೊಂಡರೂ ಫೈನಲ್ ಸೋತವರು ನಿಜವಾಗಿ ಎರಡನೇ ಒಳ್ಳೆಯ ತಂಡವೇ ಆಗಿರಬೇಕಿಲ್ಲ. ಮೊದಲ ಸುತ್ತಿನಲ್ಲೇ ಚಾಂಪಿಯನ್ ಎದುರು ಸಿಕ್ಕಿ ಸೋತ ಪಾಪದ ತಂಡವೂ ಇರಬಹುದು. ಎರಡನೆಯವರನ್ನು ನ್ಯಾಯವಾಗಿ ಹುಡುಕಬೇಕೆಂದರೆ ಚಾಂಪಿಯನ್ ಕೈಲಿ ಸೋತವರನ್ನು ಮಾತ್ರ, ಅಂದರೆ ಹೆಚ್ಚೆಂದರೆ ಒಂಬತ್ತು ತಂಡಗಳನ್ನು, ಮತ್ತೆ ಆಡಿಸಬೇಕು. ಇನ್ನು ಎಂಟು ಪಂದ್ಯ ಸಾಕು. ಮೊದಲ ದಿನವೇ ಸೋತು ಬಂದ ನಮ್ಮ ಪಕ್ಕದ ಮನೆಯವರಿಗೆ ಇದನ್ನು ವಿವರಿಸಿದೆ. ಅವರಿಗೆ ಗಣಿತ ಬಹಳ ಇಷ್ಟವಾಯಿತು.

ಎಲ್ಲ ಕೆಲಸಕ್ಕೂ ನಾಕೌಟಿನಂಥ ಅಗ್ಗದ ದಾರಿ ಇದೆಯಾ? ಇದು ಈ ಶಾಸ್ತ್ರದ ಅತಿ ದೊಡ್ಡ ಬಗೆಹರಿಯದ ಪ್ರಶ್ನೆಗೆ ಹತ್ತಿರದ್ದು. ಕಾಫಿ ವ್ಯಾಪಾರಿಯ ಲಾರಿ ಇಪ್ಪತ್ತು ತೋಟ ಸುತ್ತಿ ಚೀಲ ತುಂಬಿಕೊಂಡು ಬರಬೇಕು, ಡೀಸೆಲ್ ಆದಷ್ಟು ಕಡಿಮೆ ಆಗಬೇಕು. ಯಾವ ತೋಟ ಮೊದಲು, ಯಾವುದು ಆಮೇಲೆ? ಎಲ್ಲ ಕ್ರಮಗಳನ್ನೂ ಒಂದೊಂದಾಗಿ ನೋಡುತ್ತೇನೆ ಅಂದರೆ, ಸೆಕೆಂಡಿಗೆ ನೂರು ಕೋಟಿ ಕ್ರಮ ನೋಡುವ ಯಂತ್ರಕ್ಕೂ ಸುಮಾರು 77 ವರ್ಷ ಬೇಕು. ಇಪ್ಪತ್ತು ತೋಟಕ್ಕಾದರೆ ಜಾಣ ಉಪಾಯಗಳಿವೆ. ಆದರೆ ತೋಟ ಎಷ್ಟೇ ಹೆಚ್ಚಾದರೂ ಕೈಕೊಡದ, ಯಾವಾಗಲೂ ಅತಿ ಕಡಿಮೆಯ ಸುತ್ತನ್ನೇ ಕೊಡುವ ವೇಗದ ವಿಧಾನ ಇದೆಯೋ, ಇರಲು ಸಾಧ್ಯವೇ ಇಲ್ಲವೋ, ಯಾರಿಗೂ ಗೊತ್ತಿಲ್ಲ. 1971ರಲ್ಲಿ ಸ್ಟೀಫನ್ ಕುಕ್ ಈ ಜಾತಿಯ ಪ್ರಶ್ನೆಗೆ ಸ್ಪಷ್ಟ ರೂಪ ಕೊಟ್ಟರು. 2000ದಲ್ಲಿ ಅಮೆರಿಕದ ಕ್ಲೇ ಸಂಸ್ಥೆ ಉತ್ತರಕ್ಕೆ ಹತ್ತು ಲಕ್ಷ ಡಾಲರ್ ಬಹುಮಾನ ಇಟ್ಟಿದೆ. ಇನ್ನೂ ಹಾಗೇ ಇದೆ.

ಇದನ್ನೆಲ್ಲ ಮಾಡುವ ಜನ ಎಂಥವರು? ಬೇರೆ ಶಾಸ್ತ್ರಗಳಿಗೆ ಹೋಲಿಸಿದರೆ ಇವರದು ಎಳೆಯ ಸಂಸಾರ. ಅಮೆರಿಕದಲ್ಲಿ ಇವರ ದೊಡ್ಡ ಸಂಘ ಎಸಿಎಂ ಹುಟ್ಟಿದ್ದು 1947ರಲ್ಲಿ, ನಮಗೆ ಸ್ವಾತಂತ್ರ್ಯ ಬಂದ ವರ್ಷ. ಇವರ ನೊಬೆಲ್ ಅನ್ನಬಹುದಾದ ಟ್ಯೂರಿಂಗ್ ಪ್ರಶಸ್ತಿ ಕೊಡಲು ಶುರು ಮಾಡಿದ್ದು 1966ರಲ್ಲಿ. ಭಾರತದಲ್ಲಿ ಮುಂಬೈನ ಟಾಟಾ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ಟಿಫ್ರಾಕ್ ಕಂಪ್ಯೂಟರ್ 1960ರಲ್ಲಿ ಚಾಲೂ ಆಯಿತು. ಕಾನ್ಪುರದ ಐಐಟಿಗೆ 1963ರಲ್ಲಿ ಐಬಿಎಂ 1620 ಯಂತ್ರ ಬಂತು.

ಈ ಸಂಸಾರದಲ್ಲಿ ಕೊಟ್ಟು ತೆಗೆದುಕೊಳ್ಳುವ ಒಂದು ಒಳ್ಳೆಯ ರೂಢಿ ಬೆಳೆದಿದೆ. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಅನ್ನುವ 21 ವರ್ಷದ ವಿದ್ಯಾರ್ಥಿ ತಾನು ಬರೆದ ಒಂದು ಪ್ರೋಗ್ರಾಮನ್ನು ಯಾರು ಬೇಕಾದರೂ ನೋಡಿ, ತಿದ್ದಿ ಅಂತ ಬಿಟ್ಟ. ಅದೇ ಲಿನಕ್ಸ್. ನಿಮ್ಮ ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಅದೇ. ವೆಬ್ಬನ್ನು ಕಟ್ಟಿದ ಟಿಮ್ ಬರ್ನರ್ಸ್ ಲೀ ಕೆಲಸ ಮಾಡುತ್ತಿದ್ದ ಸರ್ನ್ ಸಂಸ್ಥೆ 1993ರಲ್ಲಿ ಅದನ್ನು ಪೂರ್ತಿ ಉಚಿತವಾಗಿ ಬಿಟ್ಟುಕೊಟ್ಟಿತು. ಡೊನಾಲ್ಡ್ ಕನೂತ್ ಅನ್ನುವ ಹಿರಿಯರು ತಮ್ಮ ಪುಸ್ತಕದಲ್ಲಿ ತಪ್ಪು ತೋರಿಸಿದವರಿಗೆ 2.56 ಡಾಲರಿನ ಚೆಕ್ ಬರೆದು ಕೊಡುತ್ತಿದ್ದರು. 256 ಅಂದರೆ ಎರಡನ್ನು ಎಂಟು ಸಲ ಗುಣಿಸಿದರೆ ಬರುವ ಸಂಖ್ಯೆ. ಸಿಕ್ಕವರು ಬ್ಯಾಂಕಿಗೆ ಹಾಕುತ್ತಿರಲಿಲ್ಲ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುತ್ತಿದ್ದರು.

ನನಗೆ ಜಾಸ್ತಿ ಇಷ್ಟವಾದ ಕತೆ ಕಾನ್ಪುರದ್ದು. ಒಂದು ದೊಡ್ಡ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಅಂತ ಬೇಗ, ಯಾವ ಅದೃಷ್ಟವನ್ನೂ ನಂಬದೆ, ಖಚಿತವಾಗಿ ಹೇಳುವ ವಿಧಾನಕ್ಕಾಗಿ ಜಗತ್ತಿನ ಘಟಾನುಘಟಿಗಳು ಹುಡುಕುತ್ತಿದ್ದರು. 2002ರ ಆಗಸ್ಟಿನಲ್ಲಿ ಮಣೀಂದ್ರ ಅಗ್ರವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ ಅದನ್ನು ಕೊಟ್ಟರು. ಕೊನೆಯ ಇಬ್ಬರು ಆಗಷ್ಟೇ ಬಿ.ಟೆಕ್ ಮುಗಿಸಿದ ಹುಡುಗರು. ಬರೆದದ್ದನ್ನು ಇಂಟರ್‌ನೆಟ್‌ನಲ್ಲಿ ಹಾಕಿದರು, ಕೆಲವೇ ದಿನದಲ್ಲಿ ಎಲ್ಲೆಲ್ಲಿಯ ಪಂಡಿತರೋ ಓದಿ ಸರಿಯಿದೆ ಅಂದರು. ಹೆಸರು ನೋಡಿ ಅಲ್ಲ, ಸಾಲು ಸಾಲು ಓದಿ.

ಇದಕ್ಕೆ ಇನ್ನೊಂದು ಮುಖವೂ ಇದೆ. 1946ರಲ್ಲಿ ಎನಿಯಾಕ್ ಅನ್ನುವ ಕೋಣೆಗಾತ್ರದ ಯಂತ್ರವನ್ನು ಜಗತ್ತಿಗೆ ತೋರಿಸಿದಾಗ, ಅದಕ್ಕೆ ಪ್ರೋಗ್ರಾಂ ಮಾಡಿದ್ದು ಆರು ಮಂದಿ ಹೆಂಗಸರು. ಹೊಗಳಿಕೆಯಲ್ಲಿ ಅವರ ಹೆಸರು ಬರಲಿಲ್ಲ. ದಶಕಗಳ ನಂತರವಷ್ಟೇ ಅವರನ್ನು ಗುರುತಿಸಿದರು.

ಮತ್ತೆ ಡೈಕ್‌ಸ್ಟ್ರಾ ವಿಷಯಕ್ಕೆ ಬರುತ್ತೇನೆ. ಆ ಕೆಫೆಯ ಹುಡುಗಿಯನ್ನೇ 1957ರಲ್ಲಿ ಮದುವೆಯಾದರು. ಮದುವೆ ನೋಂದಣಿಗೆ ವೃತ್ತಿ ಬರೆಯಬೇಕಿತ್ತು. ‘ಪ್ರೋಗ್ರಾಮರ್’ ಅಂದರು. ಅಂಥ ಕೆಲಸವೇ ಇಲ್ಲ ಅಂತ ಆಮ್‌ಸ್ಟರ್‌ಡ್ಯಾಮಿನ ಪುರಸಭೆಯವರು ಒಪ್ಪಲಿಲ್ಲ. ಕೊನೆಗೆ ‘ಸೈದ್ಧಾಂತಿಕ ಭೌತವಿಜ್ಞಾನಿ’ ಅಂತ ಬರೆಸಿಕೊಂಡು ಮದುವೆಯಾದರು. ಇದನ್ನು 1972ರಲ್ಲಿ ಟ್ಯೂರಿಂಗ್ ಪ್ರಶಸ್ತಿಯ ಭಾಷಣದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಫಾರಂನಲ್ಲಿ ಅವರಿಗೆ ಕಾಲಂ ಇರಲಿಲ್ಲ.

ಈಗ ಫಾರಂ ಮಾಡುವವರು ಪ್ರೋಗ್ರಾಮರ್‌ಗಳು. ಕಾಲಂ ಸಿಗದೆ ಒದ್ದಾಡುವುದು ನಾವು.

ನಮ್ಮಲ್ಲಿ ಕೊಡವರ ಹೆಸರನ್ನೇ ತೆಗೆದುಕೊಳ್ಳಿ. ‘ಅಂಡ’, ‘ಇರ’, ‘ಮಾಡ’ ಅಂತ ಮುಗಿಯುವ ಮನೆತನದ ಹೆಸರು ಮೊದಲು, ವ್ಯಕ್ತಿಯ ಹೆಸರು ಆಮೇಲೆ. ಆನ್‌ಲೈನ್ ಫಾರಂ ಕೇಳುವುದು ಮೊದಲ ಹೆಸರು, ಕೊನೆಯ ಹೆಸರು. ಮೊದಲು ಬರುವುದನ್ನು ಮೊದಲು ಬರೆದರೆ ಮನೆತನದ ಹೆಸರು ಹಿಡಿದು ‘ಪ್ರಿಯ’ ಅಂತ ಮೆಸೇಜ್ ಬರುತ್ತದೆ, ಮನೆಯಲ್ಲಿ ಎಲ್ಲರಿಗೂ ಒಂದೇ. ತಿರುಗಿಸಿ ಬರೆದರೆ ಮಾರ್ಕ್ಸ್ ಕಾರ್ಡಿಗೂ ಟಿಕೆಟ್ಟಿಗೂ ತಾಳೆ ಆಗುವುದಿಲ್ಲ. ಫಾರಂ ಮಾಡಿದವರು ಕೆಟ್ಟವರಲ್ಲ. ಅವರ ಊರಿನಲ್ಲಿ ಹೆಸರು ಹಾಗಿರುತ್ತದೆ, ಅಷ್ಟೇ.

ಹೆಸರಿಗಿಂತ ದೊಡ್ಡದು ಜಮೀನು. ಕರ್ನಾಟಕದ ಭೂಮಿ ಯೋಜನೆಯಲ್ಲಿ ಈ ಶತಮಾನದ ಆರಂಭದ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಹೋದವು. ಇದರಿಂದ ಆದ ಒಳ್ಳೆಯದನ್ನು ಮೊದಲು ಹೇಳಬೇಕು. ಪಹಣಿಗೆ ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತು, ಶುರುವಿನಲ್ಲಿ 15 ರೂಪಾಯಿಗೆ ಕೌಂಟರಿನಲ್ಲಿ ಸಿಗುತ್ತಿತ್ತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ವಿಲೇವಾರಿ ಮಾಡಬೇಕು ಅಂತ ಸಾಫ್ಟ್‌ವೇರೇ ಹಿಡಿದುಹಾಕಿತು. ಮೊದಲು ಬಂದವರಿಗೆ ಮೊದಲು. ಕಂಪ್ಯೂಟರ್ ಸೈನ್ಸ್‌ನ ಮೊದಲ ವರ್ಷದ ಪಾಠದಲ್ಲಿ ಬರುವ ‘ಕ್ಯೂ’ ಅನ್ನುವ ಸಾಮಾನ್ಯ ಸಂಗತಿ ಅದು. ಕಚೇರಿಯೊಳಗೆ ಇಟ್ಟಾಗ ಶಿಫಾರಸ್ಸಿನ ಬಲ ಸ್ವಲ್ಪ ಕುಗ್ಗಿತು. ಒಂದು ಸಾಲಿನ ನಿಯಮ ಸಮಾಜವನ್ನು ಮುಟ್ಟುವುದು ಹೀಗೆ.

ಆದರೆ ಕಂಪ್ಯೂಟರ್ ಪಹಣಿ ಬಂದ ಮೇಲೆ ಕೈಬರಹದ ಪಹಣಿ ನಡೆಯುವುದಿಲ್ಲ ಅಂತಾಯಿತು. ಇಲ್ಲಿ ಕೊಡಗಿನ ಜಮ್ಮಾ ಭೂಮಿಯ ಕತೆ ಬರುತ್ತದೆ. ಜಮ್ಮಾ ಅಂದರೆ ರಾಜರ ಕಾಲದಿಂದ ವಂಶದಲ್ಲಿ ಇಳಿದು ಬಂದ ಹಿಡುವಳಿ. ಗದ್ದೆ, ಅದಕ್ಕೆ ಅಂಟಿದ ಬಾಣೆ, ಅಂದರೆ ಮರಗಳಿರುವ ಎತ್ತರದ ಜಾಗ. ದಾಖಲೆಯಲ್ಲಿ ಕುಟುಂಬದ ಹಿರಿಯರ, ಅಂದರೆ ಪಟ್ಟೆದಾರರ ಹೆಸರು. ಹಕ್ಕು ಮಾತ್ರ ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಪಹಣಿಯಲ್ಲಿ ಒಡೆಯರ ಹೆಸರಿಗೆ ಇರುವುದು 9ನೇ ಕಾಲಂ. ಆ ಕಾಲಂ ಕೇಳುವ ಪ್ರಶ್ನೆ ‘ಈ ಜಾಗ ಯಾರದು?’ ಮನೆತನದ ಮೂಲ ಮನೆಯಾದ ಐನ್ ಮನೆಯ ಅಜ್ಜನನ್ನು ಕೇಳಿದರೆ ‘ನಮ್ಮದು’ ಅನ್ನುತ್ತಾರೆ. ‘ನಮ್ಮದು’ ಅನ್ನುವ ಉತ್ತರ ಆ ಕಾಲಂನಲ್ಲಿ ಹಿಡಿಸುವುದಿಲ್ಲ. ಎಂದೋ ತೀರಿಕೊಂಡ ಪಟ್ಟೆದಾರರ ಹೆಸರು ಅಲ್ಲೇ ಉಳಿಯುತ್ತಾ ಬಂತು. ಉಳುತ್ತಿದ್ದವರು ಸಾಲಕ್ಕೆ, ಪಾಲಿಗೆ, ಪೋಡಿಗೆ ಅಲೆಯುತ್ತಾ ಬಂದರು.

ಇದು ಸಾಫ್ಟ್‌ವೇರ್ ಒಂದರದೇ ತಪ್ಪು ಅನ್ನುವುದು ಸುಳ್ಳಾಗುತ್ತದೆ. ಕಾಲಂ ಕಾಗದದ ಕಾಲದಿಂದ ಬಂದದ್ದು, ಕಾನೂನಿನ ಗಂಟೂ ಇದೆ. ಆದರೆ ಕಾಗದಕ್ಕೆ ಅಂಚು ಇರುತ್ತಿತ್ತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಒಂದು ಷರಾ ಬರೆಯಬಹುದಿತ್ತು. ಸ್ಕ್ರೀನಿನ ಕಾಲಂಗೆ ಅಂಚು ಇರುವುದಿಲ್ಲ.

ಹಾಗಂತ ಕಂಪ್ಯೂಟರಿಗೆ ‘ನಮ್ಮದು’ ಅನ್ನುವುದು ಅರ್ಥವೇ ಆಗುವುದಿಲ್ಲವಾ? ಹಾಗೇನಿಲ್ಲ. ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡುವ ಶಿಸ್ತನ್ನು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಕೊಟ್ಟರು. ಇವತ್ತಿಗೂ ಬ್ಯಾಂಕು, ಕಚೇರಿ ಎಲ್ಲ ನಡೆಯುವುದು ಅದರ ಮೇಲೆ. ಅದರ ಪ್ರಕಾರ ಒಂದು ಕೋಷ್ಟಕದಲ್ಲಿ ಜಾಗಗಳನ್ನು ಇಡಿ, ಇನ್ನೊಂದರಲ್ಲಿ ಜನರನ್ನು ಇಡಿ, ಮೂರನೆಯದರಲ್ಲಿ ಯಾವ ಜಾಗದಲ್ಲಿ ಯಾರಿಗೆ ಎಂಥ ಹಕ್ಕು ಅಂತ ಬರೆಯಿರಿ. ಒಂದು ಜಾಗಕ್ಕೆ ನೂರು ಜನ ಬೇಕಾದರೂ ಸೇರಬಹುದು, ಹುಟ್ಟಿದ ಮಗುವನ್ನು ಒಂದು ಸಾಲಿನಲ್ಲಿ ಸೇರಿಸಬಹುದು. ಎಂಜಿನಿಯರಿಂಗ್ ಎರಡನೇ ವರ್ಷದವರು ಒಂದು ಮಧ್ಯಾಹ್ನದಲ್ಲಿ ಮಾಡುವ ಕೆಲಸ. ಕಷ್ಟ ಇರುವುದು ಅಲ್ಲಿಲ್ಲ. ಒಡೆತನ ಅಂದರೆ ಏನು ಅನ್ನುವುದನ್ನು ಯಾರ ಮನೆಯ ಲೆಕ್ಕದಲ್ಲಿ ಬರೆಯಬೇಕು ಅನ್ನುವಲ್ಲಿದೆ. ಆನೆ ದಾಟುವ ದಾರಿಯ ತೂಕದ ಹಾಗೇ ಇದು. ಯಂತ್ರ ಕೊಟ್ಟದ್ದನ್ನು ನಂಬುತ್ತದೆ.

ಕೊನೆಗೆ ಅಕ್ಷರ. ನೀವು ಓದುತ್ತಿರುವ ಈ ಸಾಲೂ ಒಳಗೆ ಬರೀ ಸಂಖ್ಯೆ. ಪ್ರಪಂಚದ ಲಿಪಿಗಳಿಗೆಲ್ಲ ಸಂಖ್ಯೆ ಹಂಚಿದ ಯುನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗಗಳ ಒಂದು ಸಾಲು ಸಿಕ್ಕಿದೆ. ‘ಕೊಡಗು’ ಅಂತ ಬರೆದರೆ ಕಣ್ಣಿಗೆ ಮೂರು ಅಕ್ಷರ. ಒಳಗೆ ಐದು ಸಂಖ್ಯೆ: ಕ 3221, ಒ ಸ್ವರದ ಗುರುತು 3274, ಡ 3233, ಗ 3223, ಕೊಂಬು 3265. ಇವನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್ 8 ಅನ್ನುವ ಪದ್ಧತಿಯನ್ನು 1992ರಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ, ತಟ್ಟೆ ಕೆಳಗಿನ ಕಾಗದದ ಮೇಲೆ ಬರೆದರು. ಇವರಿಗೆ ಹೋಟೆಲಿನಲ್ಲೇ ಏನಾದರೂ ಹೊಳೆಯುವುದು ಅನ್ನಿಸುತ್ತದೆ. ಅದರಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಜಾಗ, ಕನ್ನಡದ ಒಂದು ಗುರುತಿಗೆ ಮೂರು. ಇಂಗ್ಲಿಷಿನಲ್ಲಿ ಕೊಡಗು 6 ಬೈಟ್, ಕನ್ನಡದಲ್ಲಿ 15. ಎಸ್ಸೆಮ್ಮೆಸ್‌ನಲ್ಲಿ ಪದ್ಧತಿ ಬೇರೆ, ಫಲ ಅದೇ: ಇಂಗ್ಲಿಷಿಗೆ 160 ಅಕ್ಷರ, ಕನ್ನಡಕ್ಕೆ 70. ಕನ್ನಡದಲ್ಲಿ ಬರೆದರೆ ಒಂದು ಮೆಸೇಜ್ ಎರಡು ಮೂರಾಗಿ ಕಾಸು ಹೋಗುತ್ತಿತ್ತು. ನಾವೆಲ್ಲ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪ್ ಮಾಡುವ ಅಭ್ಯಾಸಕ್ಕೆ ಬಿದ್ದದ್ದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ.

ಇಷ್ಟಾದರೂ ಕನ್ನಡಕ್ಕೆ ದುಡಿದವರಿದ್ದರು. ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, ಕನ್ನಡ ಟೈಪ್ ಮಾಡಲು ಕನ್ನಡ ಗಣಕ ಪರಿಷತ್ತಿನ ‘ನುಡಿ’, 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಅನ್ನುವ ಪ್ರೋಗ್ರಾಂಗಳು. ಕೊಡವರ ಭಾಷೆ ಕೊಡವ ತಕ್ಕ್‌ಗೆ ಅಷ್ಟೂ ಇಲ್ಲ. 2011ರ ಜನಗಣತಿಯಲ್ಲಿ ಅದನ್ನು ಮಾತೃಭಾಷೆ ಅಂದವರು ಸುಮಾರು 1.14 ಲಕ್ಷ. ಹೆಚ್ಚಾಗಿ ಬರೆಯುವುದು ಕನ್ನಡ ಲಿಪಿಯಲ್ಲಿ. ಆದರೆ ಆ ಭಾಷೆಯಲ್ಲಿ ನಾಲಿಗೆಯನ್ನು ನಡುವೆ ಹಿಡಿದು ಹೇಳುವ ಸ್ವರಗಳಿವೆ, ಅವಕ್ಕೆ ಕನ್ನಡದಲ್ಲಿ ಅಕ್ಷರವಿಲ್ಲ. ಹತ್ತಿರದ ಅಕ್ಷರ ಬರೆದು ಓದುವವರೇ ಸರಿ ಮಾಡಿಕೊಳ್ಳಬೇಕು. ಮನೆಯಲ್ಲಿ ಭಾಷೆ ಕೇಳಿ ಬೆಳೆದವರು ಮಾಡಿಕೊಳ್ಳುತ್ತಾರೆ. ಹೆಚ್ಚಾಗಿ ಬರೆದದ್ದನ್ನು ನೋಡಿ ಭಾಷೆ ಕಲಿಯುವ ಈಗಿನ ಎಐ ಯಂತ್ರಕ್ಕೆ ಆ ಮನೆ ಇಲ್ಲ.

ಇನ್ನು ಗೇಟಿನ ವಿಷಯ. ದೊಡ್ಡಪ್ಪ ಮೊದಲು ಒಂದು ಬೋರ್ಡ್ ಬರೆಸಿದರು: ‘ಖಾಸಗಿ ತೋಟ. ದಾರಿ ಇಲ್ಲ. ಮ್ಯಾಪ್ ಸುಳ್ಳು.’ ಬೋರ್ಡ್ ಇರುವುದು ಗೇಟಿನಲ್ಲಿ. ಅದನ್ನು ಓದಬೇಕಾದರೆ ಗೇಟಿನವರೆಗೆ ಬರಬೇಕು. ಬಂದರು, ಓದಿದರು, ಕಾಫಿ ಕುಡಿದು ಹೋದರು.

ಆಮೇಲೆ ನಾನೇ ಸಿಗ್ನಲ್ ಸಿಗುವ ಹಲಸಿನ ಮರದ ಹತ್ತಿರ ಹೋಗಿ ನಿಂತೆ. ಮ್ಯಾಪ್‌ನಲ್ಲಿ ‘ಈ ರಸ್ತೆ ಖಾಸಗಿ’ ಅಂತ ತಿದ್ದುಪಡಿ ಕಳಿಸಿದೆ, ಗೇಟಿನ ಫೋಟೊ ಸಮೇತ. ಮೂರು ಸಲ ಕಳಿಸಬೇಕಾಯಿತು. ಫೆಬ್ರವರಿ ಕೊನೆಗೆ ಆ ಗೆರೆ ಮಾಯವಾಯಿತು. ಹೂ ಮಳೆ ಬಂದು ತೋಟವೆಲ್ಲ ಬೆಳ್ಳಗಾದ ಹೊತ್ತಿಗೆ ಗೇಟಿನ ಮುಂದೆ ಒಂದು ಕಾರೂ ಇಲ್ಲ. ದೊಡ್ಡಪ್ಪ ಖುಷಿಯಾಗಿದ್ದರು.

ಒಂದು ಗೆರೆ ಅಳಿಸಿದರೆ ಡೈಕ್‌ಸ್ಟ್ರಾ ಅವರ ಉಪಾಯ ಸುಮ್ನೆ ಕೂರುವುದಿಲ್ಲ. ಉಳಿದ ಗೆರೆಗಳಲ್ಲಿ ಚಿಕ್ಕದು ಯಾವುದು ಅಂತ ಮತ್ತೆ ಹುಡುಕುತ್ತದೆ. ಏಪ್ರಿಲ್‌ನಲ್ಲಿ ಒಂದು ಭಾನುವಾರ ತೊರೆಯಾಚೆಯ ತೋಟದವರು ಫೋನ್ ಮಾಡಿದರು. ದೊಡ್ಡಪ್ಪ ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದರು.

‘ನಿಮ್ಮ ಮನೆಯಲ್ಲಿ ಯಾರೋ ಕಂಪ್ಯೂಟರ್ ಓದಿದವರು ಇದ್ದಾರಂತಲ್ಲ? ಇಲ್ಲಿ ಗೇಟಿನ ಮುಂದೆ ಎರಡು ಕಾರು ನಿಂತಿದೆ, ಸ್ವಲ್ಪ ಕಳಿಸ್ತೀರಾ?’